ಕಾಡು ನೆಂಟರ ಜೀನು, ಗೋಧಿಯ ಬೇರು

ಬರಕ್ಕೆ ಬಗ್ಗದ ಗೋಧಿ ಬೇಕು ಅಂದರೆ ಯಾವ ಜೀನು ಹಾಕಬೇಕು? ಈ ವಿಷಯದ ಮೇಲೆ ಎಲ್ಲಿ ಮಾತಾಡಿದರೂ ಮೊದಲು ಬರುವ ಪ್ರಶ್ನೆ ಇದು. ಅಂಥ ಒಂದು ಜೀನು ಇಲ್ಲ. ಇದ್ದಿದ್ದರೆ ತಳಿ ಅಭಿವೃದ್ಧಿ ಮಾಡುವವರ ಕೆಲಸ ಎಂದೋ ಮುಗಿದಿರುತ್ತಿತ್ತು. ಇರುವುದು ಬೇಕಾದಷ್ಟು ಜೀನುಗಳು. ಒಂದೊಂದರ ಪ್ರಭಾವ ಚೂರು ಚೂರು. ಅವುಗಳಲ್ಲಿ ಕೆಲವು ಗೋಧಿಯ ಹತ್ತಿರ ಇಲ್ಲವೇ ಇಲ್ಲ, ಅದರ ನೆಂಟರ ಹತ್ತಿರ ಇವೆ. ಅವನ್ನು ತಂದು ಗೋಧಿಗೆ ಸೇರಿಸಿದರೆ ಏನಾಗುತ್ತದೆ ಅನ್ನುವುದು ಇವತ್ತಿನ ಉಪನ್ಯಾಸದ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಜೀನು ಬಂತು ಅನ್ನುವುದರ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. ಅದರ ಎಷ್ಟು ಪ್ರತಿಗಳು ಬಂದವು, ಜೊತೆಗೆ ಏನೇನು ಅಂಟಿಕೊಂಡು ಬಂತು, ಹೊಲಕ್ಕೆ ಬೀಳುವ ಬರ ಯಾವ ಥರದ್ದು ಅನ್ನುವುದನ್ನು ಕೇಳುವವರು ಕಡಿಮೆ. ಫಲ ನಿಂತಿರುವುದು ಹೆಚ್ಚಾಗಿ ಇವುಗಳ ಮೇಲೆ.

ಮೊದಲು ಗೋಧಿಯ ವಂಶ ನೋಡೋಣ. ಬ್ರೆಡ್ಡಿಗೆ ಬಳಸುವ ಗೋಧಿಯ ಒಳಗೆ ಒಂದೇ ಮನೆಯಲ್ಲಿ ಮೂರು ಸಂಸಾರ ಇದ್ದಂತೆ ಮೂರು ಜೀನೋಮ್‌ಗಳಿವೆ. ಜೀನೋಮ್ ಅಂದರೆ ಜೀನುಗಳ ಒಂದು ಪೂರ್ತಿ ಕಂತೆ. ಈ ಮೂರನ್ನು ಎ, ಬಿ, ಡಿ ಅಂತ ಕರೆಯುತ್ತಾರೆ. ಒಂದೊಂದರಲ್ಲಿ ಏಳು ಜೋಡಿ ವರ್ಣತಂತುಗಳು, ಅಂದರೆ ಜೀನುಗಳನ್ನು ಹೊತ್ತ ಎಳೆಗಳು. ಒಟ್ಟು 42. ಎ ಬಂದಿದ್ದು ಟ್ರಿಟಿಕಮ್ ಉರಾರ್ಟು ಅನ್ನುವ ಕಾಡು ಹುಲ್ಲಿನಿಂದ. ಬಿ ಬಂದಿದ್ದು ಈಜಿಲಾಪ್ಸ್ ಸ್ಪೆಲ್ಟಾಯ್ಡಿಸ್‌ಗೆ ಹತ್ತಿರದ ಇನ್ನೊಂದು ಹುಲ್ಲಿನಿಂದ. ಇವೆರಡೂ ಲಕ್ಷಾಂತರ ವರ್ಷಗಳ ಹಿಂದೆ ತಾವಾಗಿಯೇ ಕೂಡಿ ಕಾಡು ಎಮ್ಮರ್ ಅನ್ನುವ ಗೋಧಿಯಾಯಿತು. ಮನುಷ್ಯರು ಎಮ್ಮರನ್ನು ಪಳಗಿಸಿ ಹೊಲಕ್ಕೆ ತಂದರು. ಆಮೇಲೆ, ಸುಮಾರು 8,000ದಿಂದ 10,000 ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಸೀಮೆಯಲ್ಲಿ ಈ ಎಮ್ಮರ್ ಜೊತೆ ಈಜಿಲಾಪ್ಸ್ ಟೌಶೈ ಅನ್ನುವ ಕಾಡು ಹುಲ್ಲು ಕೂಡಿತು. ಡಿ ಅಲ್ಲಿಂದ ಬಂತು.

ಈ ಕೊನೆಯ ಕೂಡಿಕೆ ನಡೆದದ್ದು ಕೆಲವೇ ಕೆಲವು ಸಲ. ಹಾಗಾಗಿ ಕಾಡಿನಲ್ಲಿ ಟೌಶೈ ಗಿಡಗಳಲ್ಲಿ ಎಷ್ಟೋ ವೈವಿಧ್ಯ ಇದ್ದರೂ ಅದರಲ್ಲಿ ಒಂದು ಚೂರು ಮಾತ್ರ ಗೋಧಿಯೊಳಗೆ ಬಂತು. ಗೋಧಿಯ ಜೀನೋಮ್ ನೋಡಲು ಭಾರೀ ದೊಡ್ಡದು. ಸುಮಾರು 1,600 ಕೋಟಿ ಡಿಎನ್ಎ ಅಕ್ಷರಗಳು, ಮನುಷ್ಯನದ್ದಕ್ಕಿಂತ ಐದು ಪಟ್ಟು. 2018ರಲ್ಲಿ ಪ್ರಕಟವಾದ ಜೀನೋಮ್ ನಕ್ಷೆಯಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜೀನುಗಳನ್ನು ಗುರುತಿಸಿದ್ದಾರೆ. ಗಾತ್ರ ದೊಡ್ಡದು, ಆದರೆ ಆಯ್ಕೆಗೆ ಸಿಗುವ ವೈವಿಧ್ಯ ಕಡಿಮೆ. ಡಿ ಭಾಗದಲ್ಲಂತೂ ತೀರಾ ಕಡಿಮೆ. ನೆಂಟರ ಮನೆ ಬಾಗಿಲು ತಟ್ಟುವುದು ಇದಕ್ಕೇ.

ಇಲ್ಲಿ ಒಂದು ತಪ್ಪು ಕಲ್ಪನೆ ಸುಲಭವಾಗಿ ಹುಟ್ಟುತ್ತದೆ. ಕಾಡು ಗಿಡಗಳು ಒಣ ಗುಡ್ಡದಲ್ಲಿ ಯಾರೂ ನೀರು ಹಾಕದೆ ಬದುಕುತ್ತವೆ, ಅಲ್ವಾ? ಹಾಗಾದರೆ ಅವುಗಳ ಜೀನು ತಂದರೆ ಗೋಧಿಯೂ ಬದುಕಬೇಕು. ಕೇಳಲು ಸರಿ ಅನಿಸುತ್ತದೆ. ಆದರೆ ಬರದಲ್ಲಿ ಬದುಕುವುದು ಬೇರೆ, ಬರದಲ್ಲಿ ಇಳುವರಿ ಕೊಡುವುದು ಬೇರೆ. ಕಾಡು ಎಮ್ಮರ್‌ಗೆ ಮುಂದಿನ ವರ್ಷಕ್ಕೆ ನಾಲ್ಕು ಕಾಳು ಉಳಿದರೆ ಸಾಕು. ಮಳೆ ಕೈಕೊಟ್ಟರೆ ಬೇಗ ಹೂ ಬಿಟ್ಟು, ಸಣ್ಣ ತೆನೆ ಕಟ್ಟಿ, ಒಣಗಿಬಿಡುತ್ತದೆ. ಹಣ್ಣಾದ ತೆನೆ ತಾನೇ ಮುರಿದು ನೆಲಕ್ಕೆ ಉದುರುತ್ತದೆ. ಗಿಡಕ್ಕೆ ಅದು ಜಾಣತನ. ಬೆಳೆಗಾರನಿಗೆ ಪೂರ್ತಿ ನಷ್ಟ.

ಎಲೆಯ ವಿಷಯವೂ ಹೀಗೇ. ನೀರು ಕಡಿಮೆಯಾದಾಗ ಗಿಡ ಎಲೆಯ ರಂಧ್ರಗಳನ್ನು ಮುಚ್ಚುತ್ತದೆ. ನೀರು ಉಳಿಯುತ್ತದೆ ನಿಜ. ಆದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುವುದೂ ಅದೇ ರಂಧ್ರದಿಂದ. ಮುಚ್ಚಿ ಕೂತರೆ ಕಾಳಿಗೆ ಹೋಗಬೇಕಾದ ಸಕ್ಕರೆ ತಯಾರಾಗುವುದಿಲ್ಲ. ಹಾಗಾಗಿ ಇಳುವರಿ ದೃಷ್ಟಿಯಿಂದ ನೀರು ಉಳಿಸುವ ಗಿಡಕ್ಕಿಂತ ನೀರು ಹುಡುಕಿ ತರುವ ಗಿಡವೇ ಹಲವು ಸಲ ಮೇಲು. ನನ್ನ ಗಮನ ಎಲೆಗಿಂತ ಬೇರಿನ ಮೇಲೆ ಜಾಸ್ತಿ ಇರುವುದು ಅದಕ್ಕೇ.

ಬೇರು ಸ್ವಲ್ಪ ಆಳಕ್ಕೆ ಹೋದರೆ ಎಷ್ಟು ಲಾಭ? ಇದಕ್ಕೆ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಹೊಲದ ಪ್ರಯೋಗ ಒಳ್ಳೆಯ ಉತ್ತರ. ಹೂ ಬಿಟ್ಟ ಮೇಲೆ, ಒಂದೂಕಾಲು ಮೀಟರಿಗಿಂತ ಕೆಳಗಿನ ಮಣ್ಣಿನಿಂದ 10.5 ಮಿಲಿಮೀಟರ್ ನೀರು ಜಾಸ್ತಿ ಎಳೆದುಕೊಂಡ ಗೋಧಿ ಹೆಕ್ಟೇರಿಗೆ ಸುಮಾರು 620 ಕೆ.ಜಿ. ಕಾಳು ಜಾಸ್ತಿ ಕೊಟ್ಟಿತು. ಅಂದರೆ ಒಂದು ಮಿಲಿಮೀಟರಿಗೆ 59 ಕೆ.ಜಿ. ಇಡೀ ಬೆಳೆಗಾಲದ ನೀರಿಗೆ ಲೆಕ್ಕ ಹಾಕಿದರೆ ಒಳ್ಳೆಯ ಬೆಳೆಯಲ್ಲೂ ಇದು 20ರ ಆಸುಪಾಸು ಇರುತ್ತದೆ. ಆಳದ ನೀರು ಮೂರು ಪಟ್ಟು ಬೆಲೆಬಾಳುತ್ತದೆ. ಕಾರಣ ಅದು ಸಿಗುವ ಹೊತ್ತು. ಆ ಹೊತ್ತಿಗೆ ಗಿಡ ಹೊಸ ಎಲೆ, ಹೊಸ ತೆಂಡೆ ಅಂತ ಖರ್ಚು ಮಾಡುವುದಿಲ್ಲ. ಸಿಕ್ಕಿದ್ದೆಲ್ಲ ಕಾಳಿಗೆ ಹೋಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ರೈ ಅನ್ನುವ ಧಾನ್ಯದ ಕಥೆ. ರೈ ಕಾಡು ಗಿಡ ಅಲ್ಲ, ಅದೂ ಬೆಳೆಯೇ. ಆದರೆ ಗೋಧಿಗೆ ದೂರದ ನೆಂಟ. ಚಳಿ, ಬಡ ಮಣ್ಣು, ಒಣ ನೆಲ ಯಾವುದಕ್ಕೂ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಜರ್ಮನಿಯಲ್ಲಿ ಗೋಧಿ ಮತ್ತು ರೈ ಕ್ರಾಸ್ ಮಾಡುತ್ತಿದ್ದಾಗ ಒಂದು ಅದಲುಬದಲು ನಡೆಯಿತು. ವರ್ಣತಂತುವಿಗೆ ನಡುಗಂಟಿನ ಆಚೀಚೆ ಎರಡು ಭಾಗ, ಅವಕ್ಕೆ ತೋಳು ಅನ್ನುತ್ತಾರೆ. ಗೋಧಿಯ 1ಬಿ, ಅಂದರೆ ಬಿ ಜೀನೋಮಿನ ಒಂದನೇ ವರ್ಣತಂತುವಿನ ಗಿಡ್ಡ ತೋಳು ಹೋಗಿ, ಆ ಜಾಗಕ್ಕೆ ರೈನ ಒಂದನೇ ವರ್ಣತಂತುವಿನ ಗಿಡ್ಡ ತೋಳು ಬಂದು ಕೂತಿತು. ಇದನ್ನು 1ಆರ್‌ಎಸ್ ಅನ್ನುತ್ತಾರೆ. ಈ ತೋಳು ಸೋವಿಯತ್ ತಳಿಗಳಾದ ಕವ್ಕಾಜ್ ಮತ್ತು ಅರೋರಾಗಳಲ್ಲಿ ಹೆಸರು ಮಾಡಿತು. ಅಲ್ಲಿಂದ ಮೆಕ್ಸಿಕೋದ ಸಿಮಿಟ್ ಅನ್ನುವ ಗೋಧಿ, ಮೆಕ್ಕೆಜೋಳದ ಸಂಶೋಧನಾ ಸಂಸ್ಥೆಯ ವೀರಿ ಸಾಲುಗಳಿಗೆ (ಸಾಲು ಅಂದರೆ ಒಂದೇ ಗುಣ ಉಳಿಸಿಕೊಂಡು ಬರುವ ಗಿಡಗಳ ಗುಂಪು), ಅಲ್ಲಿಂದ ಪ್ರಪಂಚದ ಎಷ್ಟೋ ದೇಶಗಳ ಹೊಲಗಳಿಗೆ ಹಬ್ಬಿತು.

ಆಗ ಇದನ್ನು ಯಾರೂ ಬರಕ್ಕೆ ಅಂತ ತಂದಿರಲಿಲ್ಲ. ತಂದದ್ದು ರೋಗ ತಡೆಯಲು. ಆ ಒಂದು ತೋಳಿನ ಮೇಲೆ ಕಾಂಡದ ತುಕ್ಕು, ಎಲೆಯ ತುಕ್ಕು, ಹಳದಿ ತುಕ್ಕು, ಬೂದಿ ರೋಗ ನಾಲ್ಕಕ್ಕೂ ನಿರೋಧಕ ಜೀನುಗಳಿದ್ದವು. ಕಾಲ ಕಳೆದಂತೆ ರೋಗಾಣುಗಳು ಒಂದೊಂದನ್ನೇ ಮುರಿದವು. 1998ರಲ್ಲಿ ಉಗಾಂಡದ ಹೊಲಗಳಲ್ಲಿ ಕಂಡು, ಮರುವರ್ಷ ಗುರುತಿಸಿ ಹೆಸರಿಟ್ಟ ಯುಜಿ99 ಅನ್ನುವ ಕಾಂಡದ ತುಕ್ಕು ಎಸ್‌ಆರ್31 ಅನ್ನುವ, ಈ ತೋಳಿನ ಕಾಂಡದ ತುಕ್ಕು ನಿರೋಧಕ ಜೀನನ್ನೂ ಮೀರಿತು. ಅಲ್ಲಿಗೆ ಈ ತೋಳಿನ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ರೋಗ ಇಲ್ಲದ ಕಡೆಯೂ, ಅದರಲ್ಲೂ ನೀರು ಕಡಿಮೆ ಇದ್ದ ಕಡೆ, 1ಆರ್‌ಎಸ್ ಇರುವ ಗೋಧಿ ಚೆನ್ನಾಗಿ ಬರುತ್ತಿತ್ತು. ಬೇರು ಅಗೆದು ನೋಡಿದವರಿಗೆ ಕಾರಣದ ಸುಳಿವು ಸಿಕ್ಕಿತು. ಬೇರಿನ ರಾಶಿ ದೊಡ್ಡದಿತ್ತು.

ತೊಂದರೆ ಇದ್ದದ್ದು ಹಿಟ್ಟಿನಲ್ಲಿ. ರೈನ ಸೆಕಾಲಿನ್ ಅನ್ನುವ ಪ್ರೋಟೀನು ಗೋಧಿಯೊಳಗೆ ಬಂತು. ಗೋಧಿಯದೇ ಆದ ಕೆಲವು ಗ್ಲುಟೆನ್ ಪ್ರೋಟೀನುಗಳು ಹಳೆಯ ತೋಳಿನ ಜೊತೆ ಹೋದವು. ನಾದಿದರೆ ಹಿಟ್ಟು ಅಂಟಂಟು, ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ. ಇದನ್ನು ಸರಿಮಾಡಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಆಡಮ್ ಲುಕಾಶೆವ್‌ಸ್ಕಿ ಒಂದು ಸೂಕ್ಷ್ಮ ಕೆಲಸ ಮಾಡಿದರು. ರೈ ತೋಳನ್ನು ಹಾಗೇ ಇಟ್ಟುಕೊಂಡು, ಅದರಲ್ಲಿ ಎರಡು ಕಡೆ ಮಾತ್ರ ಗೋಧಿಯ ಚಿಕ್ಕ ತುಂಡುಗಳು ವಾಪಸ್ ಬರುವಂತೆ ಸಾಲುಗಳನ್ನು ಬೆಳೆಸಿದರು. ಒಂದು ತುಂಡು ಸೆಕಾಲಿನನ್ನು ತೆಗೆಯಲು. ಇನ್ನೊಂದು, ತೋಳಿನ ತುದಿಯ ಕಡೆ, ಗೋಧಿಯ ಪ್ರೋಟೀನು ವಾಪಸ್ ತರಲು. ಹಿಟ್ಟಿನ ಗುಣ ಸುಧಾರಿಸಿತು.

ಆದರೆ ಡೇವಿಸ್ ಕ್ಯಾಂಪಸ್ಸಿನ ಹೋರ್ಹೆ ಡುಬ್ಕೋವ್‌ಸ್ಕಿ ತಂಡದವರು ಈ ಸಾಲುಗಳನ್ನು ಹೊಲದಲ್ಲಿ ಹೋಲಿಸಿದಾಗ ಒಂದು ವಿಚಿತ್ರ ಕಂಡಿತು. ತುದಿಯ ಕಡೆ ಗೋಧಿಯ ತುಂಡು ಸೇರಿದ್ದ ಸಾಲು ಹಿಂದೆ ಬಿತ್ತು. ಅದರ ಬೇರೂ ಗಿಡ್ಡವಾಗಿತ್ತು. ಪೂರ್ತಿ ರೈ ತೋಳು ಇದ್ದ ಗಿಡಗಳ ಇಳುವರಿ ಜಾಸ್ತಿ, ನೀರು ಕಡಿಮೆ ಇದ್ದಾಗ ಎಲೆಗಳೂ ತಂಪು. ಎಲೆ ತಂಪಾಗಿದೆ ಅಂದರೆ ಇನ್ನೂ ನೀರು ಆವಿಯಾಗುತ್ತಿದೆ ಅಂತ. ಅಂದರೆ ಬೇರಿಗೆ ಎಲ್ಲೋ ನೀರು ಸಿಗುತ್ತಿದೆ. ಹಾಗಾದರೆ ಆ ಚಿಕ್ಕ ತುಂಡಿನಲ್ಲಿ ರೈನ ಯಾವುದೋ ಒಳ್ಳೆಯ ಜೀನು ಕಳೆದುಹೋಯಿತೇ? ಎಲ್ಲರಿಗೂ ಮೊದಲು ಬರುವ ಅನುಮಾನ ಅದು.

ಆದದ್ದು ಅದಲ್ಲ. ವರ್ಣತಂತುವನ್ನು ಅಕ್ಷರ ಅಕ್ಷರವಾಗಿ ಓದಿದಾಗ ಗೊತ್ತಾಗಿದ್ದೇ ಬೇರೆ. ಗೋಧಿಯ ತುಂಡು ಬಂದು ಸೇರಿತ್ತು, ಆದರೆ ಅದಕ್ಕೆ ಸರಿಸಮನಾದ ರೈನ ಭಾಗ ಹೊರಗೆ ಹೋಗಿರಲಿಲ್ಲ. ಎರಡೂ ಒಟ್ಟಿಗೆ ಇದ್ದವು. ಹಾಗಾಗಿ ಅಲ್ಲಿದ್ದ ಜೀನುಗಳ ಪ್ರತಿಗಳು ಜಾಸ್ತಿಯಾಗಿದ್ದವು. ಬೇರು ಗಿಡ್ಡವಾದದ್ದು ಯಾವುದೋ ಜೀನು ಇಲ್ಲದ್ದರಿಂದಲ್ಲ, ಜಾಸ್ತಿ ಇದ್ದದ್ದರಿಂದ.

ಯಾವ ಜೀನುಗಳು? 2023ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಒಪಿಆರ್3 ಅನ್ನುವ ಗುಂಪಿನ ಕಡೆ ಬೆರಳು ತೋರಿಸಿದ್ದಾರೆ. ಇವು ಜಾಸ್ಮೋನಿಕ್ ಆಮ್ಲ ತಯಾರಾಗುವ ಹಾದಿಯಲ್ಲಿ ಬರುವ ಕಿಣ್ವಗಳ ಜೀನುಗಳು. ಹುಳ ಕಚ್ಚಿದಾಗ, ಎಲೆ ಹರಿದಾಗ ಗಿಡ ಎಚ್ಚೆತ್ತುಕೊಳ್ಳುವುದು ಈ ಹಾರ್ಮೋನಿನಿಂದ. ಅದಕ್ಕೆ ಇನ್ನೊಂದು ಗುಣವೂ ಇದೆ. ಬೇರಿನ ಉದ್ದವನ್ನು ಅದು ತಡೆಯುತ್ತದೆ.

ನೀರಿನಲ್ಲಿ ಬೆಳೆಸಿದ ಸಸಿಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೊದಮೊದಲು ಎರಡೂ ಬಗೆಯ ಸಸಿಗಳ ಬೇರು ಒಂದೇ ಥರ ಇಳಿಯುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ದಾರಿ ಬೇರೆಯಾಗುತ್ತದೆ. ಪ್ರತಿಗಳು ಜಾಸ್ತಿ ಇರುವ ಸಸಿಯಲ್ಲಿ ಬೀಜದಿಂದ ಹೊರಟ ಮುಖ್ಯ ಬೇರು ನಿಧಾನವಾಗುತ್ತದೆ. ತುದಿಯ ಹತ್ತಿರವೇ, ಹೊತ್ತಿಗೆ ಮುಂಚೆಯೇ, ಕವಲು ಬೇರುಗಳು ಒಡೆದುಕೊಳ್ಳುತ್ತವೆ. ಇನ್ನೊಂದು ಸಸಿಯ ಬೇರು ನೇರವಾಗಿ ಕೆಳಗೆ ಹೋಗುತ್ತಲೇ ಇರುತ್ತದೆ. ಇದು ಬರೀ ಕಾಕತಾಳೀಯ ಅಲ್ಲ ಅಂತ ತೋರಿಸಲು ಅವರು ಹಲವು ದಿಕ್ಕಿನಿಂದ ಪರೀಕ್ಷೆ ಮಾಡಿದರು. ಈ ಜೀನುಗಳನ್ನು ಕೆಡಿಸಿದರೆ ಬೇರು ಉದ್ದವಾಯಿತು. ಅವುಗಳ ಕೆಲಸ ಜಾಸ್ತಿ ಮಾಡಿಸಿದರೆ ಬೇರು ಗಿಡ್ಡವಾಯಿತು, ಜಾಸ್ಮೋನಿಕ್ ಆಮ್ಲವೂ ಏರಿತು. ಆ ಆಮ್ಲ ತಯಾರಾಗದಂತೆ ಔಷಧಿ ಹಾಕಿ ತಡೆದರೆ ಎರಡೂ ಸಸಿಗಳ ಬೇರಿನ ವ್ಯತ್ಯಾಸವೇ ಮಾಯವಾಯಿತು. ಇಷ್ಟು ಕಟ್ಟುನಿಟ್ಟಾದ ಪುರಾವೆ ಬೇರಿನ ವಿಷಯದಲ್ಲಿ ಸಿಗುವುದು ಅಪರೂಪ. ಬೇರು ಮಣ್ಣಿನೊಳಗೆ ಇರುತ್ತದೆ, ನೋಡಬೇಕು ಅಂದರೆ ಕೀಳಬೇಕು, ಕಿತ್ತರೆ ಅರ್ಧ ಮಣ್ಣಿನಲ್ಲೇ ಉಳಿಯುತ್ತದೆ.

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ರೈನ ಜೀನು ಒಳ್ಳೆಯದು, ಗೋಧಿಯದ್ದು ಕೆಟ್ಟದ್ದು ಅಂತ ಇಲ್ಲಿ ಹೇಳಲು ಬರುವುದಿಲ್ಲ. ಎರಡು ಕಡೆಯೂ ಇರುವುದು ಒಂದೇ ಕೆಲಸದ ಜೀನು. ಲೆಕ್ಕ ತಪ್ಪಿದ್ದು ಪ್ರತಿಗಳ ಸಂಖ್ಯೆಯಲ್ಲಿ. ದೂರದ ನೆಂಟರ ತುಂಡು ತಂದಾಗ ಅದು ಸರಿಯಾಗಿ ತನ್ನ ಜೋಡಿಯ ಜಾಗಕ್ಕೇ ಬಂದು ಕೂರುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಹಾಗೆ ಆಗಲೇಬೇಕು ಅಂತೇನಿಲ್ಲ.

ಅಷ್ಟಕ್ಕೂ ಆ ತುಂಡು ಗೋಧಿಯೊಳಗೆ ಬರುವುದೇ ಕಷ್ಟ. ಗೋಧಿಯ 5ಬಿ ವರ್ಣತಂತುವಿನಲ್ಲಿ ಪಿಎಚ್1 ಅನ್ನುವ ಒಂದು ಜಾಗ ಇದೆ. 1958ರಲ್ಲಿ ಪತ್ತೆಯಾಯಿತು. ಕಾವಲು ಕಾಯುವುದು ಅದರ ಕೆಲಸ. ವರ್ಣತಂತುಗಳು ಜೋಡಿಯಾಗುವಾಗ ಎ ತನ್ನ ಎ ಜೊತೆ, ಬಿ ತನ್ನ ಬಿ ಜೊತೆ ಮಾತ್ರ ಸೇರಬೇಕು. ಹೊರಗಿನವರಿಗೆ ಪ್ರವೇಶ ಇಲ್ಲ. ಇದು ಇಲ್ಲದಿದ್ದರೆ ಮೂರು ಜೀನೋಮ್ ಇರುವ ಗಿಡ ಬೀಜ ಕಟ್ಟುವುದೇ ಕಷ್ಟ. ಆದರೆ ನೆಂಟರ ಜೀನು ತರಬೇಕಾದಾಗ ಇದೇ ಅಡ್ಡಿ. ಅಮೆರಿಕದ ಅರ್ನೆಸ್ಟ್ ಸಿಯರ್ಸ್ 1956ರಲ್ಲಿ ಎಕ್ಸ್‌-ರೇ ಹಾಯಿಸಿ ವರ್ಣತಂತು ಮುರಿದು, ಈಜಿಲಾಪ್ಸ್ ಅಂಬೆಲ್ಯುಲಾಟಾ ಅನ್ನುವ ಕಾಡು ಹುಲ್ಲಿನ ಎಲೆ ತುಕ್ಕು ನಿರೋಧಕ ಜೀನನ್ನು ಗೋಧಿಗೆ ಸೇರಿಸಿ ತೋರಿಸಿದರು. ಪಿಎಚ್1 ಕಳೆದುಕೊಂಡ ರೂಪಾಂತರಿತ ಗೋಧಿಯನ್ನೂ ಆಮೇಲೆ ಕೊಟ್ಟವರು ಅವರೇ. ಈ ಕ್ಷೇತ್ರದಲ್ಲಿ ಅವರ ಋಣ ತೀರಿಸುವುದು ಕಷ್ಟ.

ಹತ್ತಿರದ ನೆಂಟರಾದರೆ ದಾರಿ ಸ್ವಲ್ಪ ಸಲೀಸು. ಟೌಶೈ ವಿಷಯ ನೋಡಿ. ಗೋಧಿ ಹುಟ್ಟಿದ ಪ್ರಸಂಗವನ್ನೇ ಮತ್ತೆ ನಡೆಸಬಹುದು. ಎ, ಬಿ ಎರಡೇ ಜೀನೋಮ್ ಇರುವ ಡ್ಯೂರಮ್ ಗೋಧಿಯ ಪರಾಗ ಅಥವಾ ಅಂಡದಲ್ಲಿ 14 ವರ್ಣತಂತು. ಟೌಶೈದರಲ್ಲಿ 7. ಎರಡನ್ನೂ ಕೂಡಿಸಿದರೆ 21 ಇರುವ ಸಸಿ. ಹಲವು ಸಲ ಅದರ ಭ್ರೂಣ ಕಾಳಿನೊಳಗೆ ಉಳಿಯುವುದಿಲ್ಲ. ಎಳೆಯದಿರುವಾಗಲೇ ಅದನ್ನು ಬಿಡಿಸಿ ತೆಗೆದು ಪೋಷಕ ದ್ರಾವಣದ ಮೇಲೆ ಬೆಳೆಸಬೇಕು. ಹಾಗೆ ಬೆಳೆದ ಸಸಿ ಬಂಜೆ. ಅದಕ್ಕೆ ಕಾಲ್ಚಿಸಿನ್ ಅನ್ನುವ ರಾಸಾಯನಿಕ ಹಾಕಿ ವರ್ಣತಂತುಗಳನ್ನು ಇಮ್ಮಡಿ ಮಾಡಿದರೆ 42 ಆಗುತ್ತದೆ. ಬೀಜ ಕಟ್ಟುತ್ತದೆ. ಇದನ್ನು ಸಿಂಥೆಟಿಕ್ ಗೋಧಿ ಅನ್ನುತ್ತಾರೆ. ಮ್ಯಾಕ್‌ಫ್ಯಾಡೆನ್ ಮತ್ತು ಸಿಯರ್ಸ್ 1940ರ ದಶಕದಲ್ಲೇ ಮಾಡಿದ್ದರು. ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಸಿಮಿಟ್‌ನಲ್ಲಿ ಅಬ್ದುಲ್ ಮುಜೀಬ್ ಕಾಜಿ ಅವರ ತಂಡ, 1980ರ ದಶಕದಿಂದ. ಸಾವಿರಕ್ಕೂ ಹೆಚ್ಚು ಸಿಂಥೆಟಿಕ್‌ಗಳು.

ನೋಡಲು ಇವು ಚೆಂದ ಏನಿಲ್ಲ. ಕಾಳು ಹೊಟ್ಟಿನಿಂದ ಬಿಡುವುದೇ ಇಲ್ಲ, ಬಡಿದು ಬಡಿದು ಕೈ ಸೋಲುತ್ತದೆ. ಒಳ್ಳೆಯ ತಳಿಗಳ ಜೊತೆ ಮತ್ತೆ ಕ್ರಾಸ್ ಮಾಡಬೇಕು. ಒಂದೊಂದು ಸಲಕ್ಕೂ ಹೊರಗಿನ ಪಾಲು ಸರಾಸರಿ ಅರ್ಧ ಆಗುತ್ತಾ ಹೋಗುತ್ತದೆ: 25, 12.5, 6.25 ಶೇಕಡ. ಬೇಕಾದ ಜೀನು ಉಳಿಯಬೇಕು, ಪಕ್ಕದಲ್ಲಿ ಅಂಟಿಕೊಂಡ ಬೇಡದ್ದು ಕಳಚಬೇಕು. ಪಕ್ಕದ್ದು ತೀರಾ ಹತ್ತಿರ ಇದ್ದರೆ ಸುಲಭಕ್ಕೆ ಕಳಚುವುದಿಲ್ಲ.

ಹೀಗೆ ಬಂದ ಸಾಲುಗಳನ್ನು ಬರದಲ್ಲಿ ಪರೀಕ್ಷಿಸಿದ ಸಿಮಿಟ್ ತಂಡ 2007ರಲ್ಲಿ ವರದಿ ಮಾಡಿದ ವಿಷಯ ನನಗೆ ತುಂಬಾ ಕುತೂಹಲದ್ದು ಅನಿಸಿತು. ಗಿಡದ ಒಟ್ಟು ಬೇರು ಜಾಸ್ತಿ ಆಗಿರಲಿಲ್ಲ. ಹಂಚಿಕೆ ಬದಲಾಗಿತ್ತು. 60ರಿಂದ 120 ಸೆಂ.ಮೀ. ಆಳದಲ್ಲಿ ಬೇರಿನ ಪಾಲು ಜಾಸ್ತಿ, ಅಲ್ಲಿಂದ ಎಳೆದ ನೀರೂ ಜಾಸ್ತಿ. ಗಿಡ ಹೆಚ್ಚು ಖರ್ಚು ಮಾಡದೆ, ಇದ್ದದ್ದನ್ನೇ ಬೇಕಾದ ಕಡೆ ಹಾಕಿತ್ತು. ಬಿಸಿಯ ವಿಷಯದಲ್ಲೂ ಟೌಶೈ ಕೈಹಿಡಿದಿದೆ. ಮೆಕ್ಸಿಕೋದ ಸೊನೋರಾದಲ್ಲಿ 149 ಸಾಲುಗಳನ್ನು ತಡವಾಗಿ ಬಿತ್ತಿ ಬಿಸಿಲಿಗೆ ಒಡ್ಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹೊರಗಿನ ಜೀನು ಇದ್ದ ಕೆಲವು ಸಾಲುಗಳು ಇಲ್ಲದವಕ್ಕಿಂತ ಶೇಕಡ 50ರವರೆಗೆ ಜಾಸ್ತಿ ಇಳುವರಿ ಕೊಟ್ಟವು. ಹೊಲದಲ್ಲಿ ಬರ ಮತ್ತು ಬಿಸಿ ಬಹುತೇಕ ಒಟ್ಟಿಗೇ ಬರುತ್ತವೆ, ಹಾಗಾಗಿ ಇದನ್ನೂ ಹೇಳಿದೆ.

ಕಾಡು ಎಮ್ಮರ್‌ನಿಂದ ಇಸ್ರೇಲಿನ ಸಂಶೋಧಕರು 7ಎ ವರ್ಣತಂತುವಿನ ಒಂದು ತುಂಡನ್ನು ತಂದು, ಬರದಲ್ಲಿ ಇಳುವರಿಗೂ ಆಳದ ಬೇರಿಗೂ ಅದು ನೆರವಾಗುವುದನ್ನು ತೋರಿಸಿದ್ದಾರೆ. 1906ರಲ್ಲಿ ಆರೊನ್ ಆರೊನ್‌ಸನ್ ಕಾಡು ಎಮ್ಮರ್ ಗಿಡವನ್ನು ಮೊದಲು ಗುರುತಿಸಿದ್ದೂ ಅದೇ ಸೀಮೆಯ ರೋಶ್ ಪಿನ್ನಾದಲ್ಲಿ.

ಮೊರಾಕೊದಲ್ಲಿ ಜಬಲ್ ಅನ್ನುವ ಡ್ಯೂರಮ್ ತಳಿ ಇದೆ. ಒಣ ಸೀಮೆಯ ಕೃಷಿ ಸಂಶೋಧನೆ ಮಾಡುವ ಇಕಾರ್ಡಾ ಸಂಸ್ಥೆಯವರು ಸಿರಿಯಾದ ಒಣ ಸೀಮೆಯ ಕಾಡು ಹುಲ್ಲಿನ ಜೊತೆ ಕ್ರಾಸ್ ಮಾಡಿ ತಂದದ್ದು. ಪರೀಕ್ಷೆಯ ಹೊಲಗಳಲ್ಲಿ ಬರದ ವರ್ಷ ಉಳಿದವು ಸೊರಗಿದಾಗ ಇದು ನಿಂತಿತು, ಆರಿಸಿದವರಲ್ಲಿ ರೈತರೂ ಇದ್ದರು. ಇಕಾರ್ಡಾ ಮೊದಲು ಇದ್ದದ್ದು ಸಿರಿಯಾದ ಅಲೆಪ್ಪೊ ಹತ್ತಿರ. ಯುದ್ಧದಲ್ಲಿ ಅಲ್ಲಿನ ಬೀಜ ಭಂಡಾರ ಕೈತಪ್ಪಿತು. ಪುಣ್ಯಕ್ಕೆ ಬೀಜಗಳ ಇನ್ನೊಂದು ಕಂತು ನಾರ್ವೆಯ ಸ್ವಾಲ್ಬಾರ್ಡ್ ಭಂಡಾರದಲ್ಲಿತ್ತು. 2015ರಲ್ಲಿ ಅಲ್ಲಿಂದ ತೆಗೆದು ಲೆಬನಾನ್ ಮತ್ತು ಮೊರಾಕೊದಲ್ಲಿ ಮತ್ತೆ ಬೆಳೆಸಿದರು. ಆ ಭಂಡಾರದಿಂದ ಬೀಜ ವಾಪಸ್ ತೆಗೆದದ್ದು ಅದೇ ಮೊದಲ ಸಲ.

ಇನ್ನು ಉಲ್ಟಾ ಹೊಡೆದ ಒಂದು ಉದಾಹರಣೆ. ತೈನೊಪೈರಮ್ ಅನ್ನುವ ಎತ್ತರದ ಕಾಡು ಹುಲ್ಲಿನಿಂದ ಎಲ್‌ಆರ್19 ಅನ್ನುವ ತುಕ್ಕು ನಿರೋಧಕ ಜೀನು ಗೋಧಿಗೆ ಬಂತು. ಜೊತೆಗೆ ಬಂದ ತುಂಡು ನೀರಾವರಿ ಹೊಲದಲ್ಲಿ ಇಳುವರಿಯನ್ನು ಚೆನ್ನಾಗಿಯೇ ಏರಿಸಿತು. ನೀರು ಕಡಿಮೆ ಮಾಡಿದರೆ ಅದೇ ತುಂಡು ಇರುವ ಗೋಧಿ ಇಲ್ಲದ್ದಕ್ಕಿಂತ ಹಿಂದೆ ಬಿತ್ತು. ಮೊದಲು ಗಿಡವನ್ನು ದೊಡ್ಡದಾಗಿ ಬೆಳೆಸುವ ಜೀನು, ನೀರು ಮುಗಿಯುವ ಹೊಲದಲ್ಲಿ ಕೊನೆಗೆ ಕಾಳಿಗೆ ನೀರು ಉಳಿಸುವುದಿಲ್ಲ. ನಾನು ಈ ಫಲಿತಾಂಶವನ್ನು ಹೀಗೆ ಓದುತ್ತೇನೆ.

ಉಪನ್ಯಾಸದ ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ. ಮೊದಲನೆಯದು, ಇವೆಲ್ಲ ಕುಲಾಂತರಿ ತಳಿಗಳೇ? ಅಲ್ಲ. ನಾನು ಹೇಳಿದ ತಳಿಗಳು ಕ್ರಾಸ್ ಮಾಡಿ ಬಂದವು. ಬೇರಿನ ಜೀನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಕುಲಾಂತರಿ ಸಸಿ ಬಳಸಿದ್ದಾರೆ, ಅದು ಹೊಲದ ತಳಿ ಅಲ್ಲ. ಸೂರ್ಯಕಾಂತಿಯ ಜೀನು ಸೇರಿಸಿದ ಎಚ್‌ಬಿ4 ಅನ್ನುವ ಗೋಧಿಗೆ 2020ರಲ್ಲಿ ಅರ್ಜೆಂಟೀನಾ ಒಪ್ಪಿಗೆ ಕೊಟ್ಟಿತು. ಅದು ಕುಲಾಂತರಿ. ಸೂರ್ಯಕಾಂತಿ ಗೋಧಿಗೆ ಯಾವ ಕಡೆಯಿಂದಲೂ ನೆಂಟ ಅಲ್ಲ.

ಎರಡನೆಯದು ಚುರುಕಾದ ಪ್ರಶ್ನೆ: ಎಲ್ಲ ಗೋಧಿಗೂ ಉದ್ದ ಬೇರು ಕೊಟ್ಟರೆ ಆಯಿತಲ್ಲ? ಆಗುವುದಿಲ್ಲ. ಆಳದಲ್ಲಿ ನೀರು ಇದ್ದರೆ ಮಾತ್ರ ಆಳದ ಬೇರಿಗೆ ಕೆಲಸ. ಕೆಳಗೆ ಬಂಡೆ ಇದ್ದರೆ, ಉಪ್ಪು ಇದ್ದರೆ, ಅಥವಾ ಬೆಳೆಗಾಲದಲ್ಲಿ ಆಗಾಗ ಬೀಳುವ ಸಣ್ಣ ಮಳೆಯೇ ಆಧಾರವಾಗಿದ್ದರೆ, ಮೇಲಿನ ಪದರದಲ್ಲೇ ದಟ್ಟವಾಗಿ ಹರಡುವ ಬೇರು ಮೇಲು. ಅಂಥ ಕಡೆ ಒಪಿಆರ್3 ಪ್ರತಿಗಳು ಜಾಸ್ತಿ ಇರುವ, ಕವಲು ಬೇಗ ಒಡೆಯುವ ಗಿಡವೇ ಗೆಲ್ಲಬಹುದು ಅನ್ನುವುದು ನನ್ನ ಊಹೆ. ಆಳದ ನೀರಿಗೂ ಲೆಕ್ಕ ಇದೆ. ಈ ವರ್ಷ ಬೆಳೆ ಅದನ್ನು ಬರಿದು ಮಾಡಿದರೆ, ಮುಂದಿನ ಬಿತ್ತನೆಯೊಳಗೆ ಅಷ್ಟು ಕೆಳಗಿನವರೆಗೆ ಇಳಿಯುವ ಮಳೆ ಬರಬೇಕು. ಬಾರದಿದ್ದರೆ ಎರಡನೇ ವರ್ಷ ಉದ್ದ ಬೇರು ಒಣ ಮಣ್ಣಿಗೇ ಇಳಿಯುತ್ತದೆ. ಹಾಗಾಗಿ ಇಂಥ ತಳಿಯನ್ನು ಒಂದು ಬೆಳೆಯಲ್ಲಿ ನೋಡಿ ಬಿಟ್ಟರೆ ಸಾಲದು. ಅದೇ ಹೊಲದಲ್ಲಿ ಸಾಲಾಗಿ ಕೆಲವು ವರ್ಷ, ಪ್ರತಿ ಸಲ ಬಿತ್ತುವ ಮುಂಚೆ ಆಳದ ತೇವ ಅಳೆದು ನೋಡಬೇಕು.